ಗಡಿಗೆಯ ತಳದ ನೀಲಿ

೧೯೬೨ರ ಏಪ್ರಿಲ್ ೧೨, ಸಂಜೆ ಆರೂವರೆ. ಕಿರವತ್ತಿಯ ಪೊಲೀಸ್ ಪಾಟೀಲರು ಠಾಣೆಗೆ ಬಂದು ದೂರು ಬರೆಸಿದರು. ಗಾಡಿ ಹೊಡೆಯುವ ದ್ಯಾಮಪ್ಪನ ಹೆಂಡತಿ ಶಾರದವ್ವ ನೀಲಿ ವಾಂತಿ ಮಾಡಿಕೊಂಡು ಸತ್ತಿದ್ದಾಳೆ, ಊರಿಗೆಲ್ಲ ಗಂಡನ ಮೇಲೇ ಅನುಮಾನ. ಎಫ್‌ಐಆರ್ ಬರೆದವನು ಹವಾಲ್ದಾರ ಕೆರಿಯಪ್ಪ. ದ್ಯಾಮಪ್ಪ ಹೆಂಡತಿಗೆ ಹೊಡೆಯುತ್ತಿದ್ದ ಎಂದು ಬರೆಯುವಾಗಲೇ ಅವನ ಮೈ ಉರಿಯಿತು. ಅವನಿಗೂ ಮದುವೆಯಾದ ಮಗಳಿದ್ದಳು. ಆರೋಪಿಯನ್ನು ತಂದ ಕೂಡಲೇ ಕೆನ್ನೆಗೆ ಬಾರಿಸಿದ. ದ್ಯಾಮಪ್ಪ ಕೈ ಅಡ್ಡ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಪಂಚನಾಮೆ. ದ್ಯಾಮಪ್ಪ ದಿನವೂ ಕೆಲಸಕ್ಕೆ ಒಯ್ಯುವ ನೀರಿನ ಸಣ್ಣ ಗಡಿಗೆ ಅಡಿಗೆಮನೆಯಲ್ಲಿತ್ತು. ಅದರಲ್ಲಿ ಹಿಂಡಿದ ಮುರುಗಲ ಹುಳಿಯ ಸಿಪ್ಪೆ, ತಳದಲ್ಲಿ ಒಂದಿಷ್ಟು ನೀಲಿ ಗಸಿ. ಪಕ್ಕದಲ್ಲಿ ಕುಡುಗೋಲು, ತುದಿ ಕೆಂಪು. ರಕ್ತವೆಂದು ಕೆರಿಯಪ್ಪ ಉಗುರಿನಿಂದ ಕೆರೆದ. ತಾಮ್ರ ಹೊಳೆಯಿತು.

ಶಾರದವ್ವನ ಜೊತೆಗೇ ಇದ್ದ ಅವಳ ವಿಧವೆ ತಾಯಿ ಮುರಿಗೆವ್ವ ಗೋಡೆಗೊರಗಿ ಒಂದೇ ಮಾತು ಹೇಳುತ್ತಿದ್ದಳು. "ಅಂವನ್ನ ಬಿಡ್ರಿ. ಅಂವ ಅಲ್ಲ."

ದುಃಖಕ್ಕೆ ತಲೆ ನಿಂತಿಲ್ಲವೆಂದು ಪಂಚರು ಮರುಗಿದರು.

ಹದಿನಾರರಂದು ಫೌಜದಾರ ಸೀತಾರಾಮ ಗಡಿಗೆಯನ್ನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ದಿನಕರರ ಮುಂದಿಟ್ಟರು.

"ಮೈಲುತುತ್ತ," ಎಂದರು ಮೇಷ್ಟ್ರು. "ನೀರಲ್ಲಿ ಕರಗ್ತದೆ. ಸುಣ್ಣ ಹಾಕಿದ್ರೆ ಅದರ ತಾಮ್ರ ಕರಗದ ಪುಡಿಯಾಗಿ ತಳಕ್ಕೆ ಕೂರ್ತದೆ. ಇದು ಆ ಪುಡಿ. ಮೇಲಿನ ತಿಳಿನೀರಲ್ಲಿ ವಿಷ ಉಳಿಯಲ್ಲ."

"ಹಾಗಾದ್ರೆ ಸತ್ತದ್ದು ಹೇಗೆ?"

ಮೇಷ್ಟ್ರು ಗಸಿಯನ್ನು ಎರಡು ಗಾಜಿನ ಲೋಟಕ್ಕೆ ಹಾಕಿದರು. ಒಂದಕ್ಕೆ ನೀರು ಹೊಯ್ದರು. ಗಸಿ ಹಾಗೇ ಕೂತಿತು. ಇನ್ನೊಂದಕ್ಕೆ ಮುರುಗಲ ಹುಳಿ ಹಿಂಡಿದರು, ಗಸಿ ಕರಗಿಹೋಯಿತು. ಅದರಲ್ಲಿ ಅದ್ದಿದ ಕಬ್ಬಿಣದ ಮೊಳೆ ಕೆಂಪಾಯಿತು.

"ಕೊಲ್ಲೋನು ಸುಣ್ಣ ಯಾಕೆ ಹಾಕ್ದ?"

"ಅದು ನಿಮ್ಮ ಕೆಲಸ, ಸಾಹೇಬ್ರೆ."

ಕೆರಿಯಪ್ಪ ಮೊಳೆಯನ್ನೇ ನೋಡುತ್ತಿದ್ದ. ಹಿಂದೆ ಮನ್ಮನೆ ಕಡೆ ಬೀಟಿನಲ್ಲಿದ್ದಾಗ ಕಂಡಿದ್ದ: ಅಡಿಕೆ ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿಗೆ ಕುಡುಗೋಲು ಅದ್ದುತ್ತಾರೆ, ಕೆಂಪಾದರೆ ಇನ್ನಷ್ಟು ಸುಣ್ಣ ಬೇಕೆಂದು ಲೆಕ್ಕ. ವಿಚಾರಿಸಿದರೆ, ಮಳೆಗಾಲದಲ್ಲಿ ಆ ಕೆಲಸಕ್ಕೆ ಮನ್ಮನೆಗೆ ಹೋಗುತ್ತಿದ್ದವಳು ದ್ಯಾಮಪ್ಪನ ಮನೆಯಲ್ಲಿ ಒಬ್ಬಳೇ, ಮುರಿಗೆವ್ವ.

ಅದೇ ಮಧ್ಯಾಹ್ನ ಶವಪರೀಕ್ಷೆಯ ವರದಿ ಬಂತು. ಶಾರದವ್ವ ಬಸುರಿಯಾಗಿದ್ದಳು. ಕೆರಿಯಪ್ಪ ಲಾಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಿನಗ ಗೊತ್ತಿತ್ತೇನೋ?"

"ಗೊತ್ತಿತ್ರಿ. ಮೂರು ತಿಂಗಳ ತುಂಬಲಿ, ಆಮ್ಯಾಲೆ ಅವ್ವಗ ಹೇಳೂಣು ಅಂದಿದ್ಲು." ದ್ಯಾಮಪ್ಪ ಅತ್ತ. "ಅವತ್ತ ಮುಂಜಾನೆ ಅತ್ತೀ ಕಾಲು ಹಿಡದೆ. ಇನ್ನ ಆಕೀ ಮ್ಯಾಲೆ ಕೈ ಎತ್ತೂದಿಲ್ಲ ಅಂತ ಆಣಿ ಮಾಡಿದೆ. ಯಾಕಂತ ಮಾತ್ರ ಹೇಳಲಿಲ್ರಿ."

ಹೊಡೆದ ಕೈಯನ್ನು ಎಲ್ಲಿಡುವುದೆಂದು ಕೆರಿಯಪ್ಪನಿಗೆ ತಿಳಿಯಲಿಲ್ಲ.

ಏಪ್ರಿಲ್ ೧೭, ಬೆಳಿಗ್ಗೆ ಹತ್ತು. ಫೌಜದಾರರು ದ್ಯಾಮಪ್ಪನ ಮನೆಗೆ ಬಂದು, ಹುಳಿಗೆ ವಿಷ ಮತ್ತೆ ಕರಗಿದ್ದನ್ನು ಹೇಳಿ, ಕುಡುಗೋಲನ್ನು ಮುರಿಗೆವ್ವನ ಮುಂದಿಟ್ಟರು. ಅವಳು ತಡಮಾಡಲಿಲ್ಲ.

"ಅಂವಗಂತ ಕಲಸಿದ್ದೆ, ಸಾಯೇಬ್ರ. ಮಗಳ ಬೆನ್ನಿನ ಬಾಸುಂಡಿ ನೋಡಾಕ ಆಗ್ಲಿಲ್ಲ. ಆದ್ರ ಅಂವ ಬಂದು ಕಾಲಿಗೆ ಬಿದ್ದ. ಇನ್ನ ಹೊಡಿಯೂದಿಲ್ಲ ಅಂದ. ಬ್ಯಾರೆ ನೀರು ಕೊಟ್ಟು ಕಳಿಸಿ, ಗಡಿಗ್ಯಾಗ ಸುಣ್ಣ ಸುರದೆ. ಮೊದಲು ಕುಡಗೋಲು ಕೆಂಪಾತು. ಇನ್ನಷ್ಟು ಹಾಕಿ ಕುಡಗೋಲಿನ ಬೆನ್ನಿನ ಕಡೆ ಅದ್ದಿದೆ, ಕೆಂಪಾಗ್ಲಿಲ್ಲ. ವಿಷ ಹೋತು ಅನಕೊಂಡೆ."

"ಚೆಲ್ಲಲಿಲ್ಲ ಯಾಕೆ?"

"ಕರು ನೆಕ್ಕೀತು ಅಂತ. ಹೂಳೂಣು ಅಂತ ಹಿತ್ತಲದಾಗ ಕುಣಿ ತೆಗೀತಿದ್ದೆ. ಅಷ್ಟ್ರಾಗ ಆಕಿ ಆ ಗಡಿಗಿ ನೀರು ಕುಡದಿದ್ಲು." ಅವಳು ಕೆರಿಯಪ್ಪನ ಕಡೆ ತಿರುಗಿದಳು. "ಆಕೀ ಹುಳಿ ಅಂದ್ರ ದೂರ ಓಡಾಕಿ, ಯಪ್ಪಾ. ಅವತ್ತ ಯಾಕ ಹುಳಿ ಕಿವುಚಿ ಕುಡದ್ಲು?"

ಫೌಜದಾರರು ಕಾಗದದಿಂದ ತಲೆಯೆತ್ತಲಿಲ್ಲ. ಹೇಳುವ ಕೆಲಸ ಕೆರಿಯಪ್ಪನ ಪಾಲಿಗೆ ಬಂತು.

"ಬಯಕಿ, ಯವ್ವಾ. ಬಸರಿ ಇದ್ಲು."

ಮುರಿಗೆವ್ವ ಅಳಲಿಲ್ಲ. ಬೇಡಿಗೆ ಎರಡೂ ಕೈ ಚಾಚಿದಳು. ಹೊರಡುವಾಗ ಹಿತ್ತಲ ಕಡೆ ನೋಡಿ ಇಷ್ಟೇ ಕೇಳಿದಳು. "ಆ ಕುಣಿ ಮುಚ್ಚಿಬಿಡ್ರಿ. ಇನ್ನೂ ತೆರದ ಐತಿ."

ದೋಷಾರೋಪ ಪಟ್ಟಿಯಲ್ಲಿ ಉದ್ದೇಶದ ಸಾಲಿಗೆ ಫೌಜದಾರರು 'ಮಗಳ ಮೇಲಿನ ಮಮತೆ' ಎಂದು ಬರೆದು, ಹೊಡೆದುಹಾಕಿ, 'ಕೌಟುಂಬಿಕ ಕಲಹ' ಎಂದು ತಿದ್ದಿದರು. ಕೆರಿಯಪ್ಪ ಅಲ್ಲಿರಲಿಲ್ಲ. ಬಿಡುಗಡೆಯಾದ ದ್ಯಾಮಪ್ಪನನ್ನು ಕರೆದುಕೊಂಡು ಕಿರವತ್ತಿಗೆ ಹೋಗಿದ್ದ. ಇಬ್ಬರೂ ಆ ಕುಣಿಗೆ ಮಣ್ಣೆಳೆದರು.