ಎಕ್ಕಿ ಗಿಡದ ಸವತಿ

"ನಿಮ್ಮ ಮನ್ಯಾಗ ದುಡಿಯಾವ್ರು ಎಷ್ಟ ಮಂದಿರಿ?"

ಟಿಕೋಟಾದ ಗುರಲಿಂಗಪ್ಪನ ಕಟ್ಟಿ ಮ್ಯಾಲ ಕುಂತು ಆ ಹುಡುಗ ಕೇಳಿದ. ಹೆಸರು ಸಂಗಮೇಶ. ಬಬಲೇಶ್ವರದಾಂವ, ಪುಣೆದಾಗ ಓದ್ಯಾನ. ಯಾರ ಮನ್ಯಾಗ ಯಾರು ದುಡಿತಾರ, ಯಾರು ಮೊದಲ ಉಣ್ತಾರ, ಯಾರ ಮಾತು ನಡೀತೈತಿ ಅಂತ ಊರೂರು ತಿರುಗಿ ಕೇಳೂದು ಅವನ ಕೆಲಸ. ೧೯೪೬ರ ಬ್ಯಾಸಗಿ ಅದು.

"ಇಬ್ಬರು," ಅಂದ ಗುರಲಿಂಗಪ್ಪ, ಮೀಸಿ ತೀಡಿ. "ನಾನು, ನನ್ನ ತಮ್ಮ."

"ಹೌದೇನಣ್ಣಾ?" ಒಳಗಿಂದ ದನಿ ಬಂತು. "ಹಂಗಾರ ನಸಿಕಿನ್ಯಾಗ ಎದ್ದು ಜ್ವಾಳ ಬೀಸಾಕಿ ಯಾರು? ದೆವ್ವೇನು?!"

ಬಾಗಲದಾಗ ಬಂದು ನಿಂತಾಕಿ ಗುರಲಿಂಗಪ್ಪನ ತಂಗಿ ಶಂಕ್ರೆವ್ವ. ಕೈ ತುಂಬ ಹಿಟ್ಟು, ಕಣ್ಣ ತುಂಬ ಸಿಟ್ಟು. ಹುಡುಗನ ಕೈಯಾಗಿನ ಪೆನ್ಸಿಲ್ ಕೆಳಗ ಬಿತ್ತು. ಅವತ್ತ ಬಿದ್ದದ್ದು ಬರೇ ಪೆನ್ಸಿಲ್ ಅಲ್ಲ ಬಿಡ್ರಿ!

"ಮೂವರು ಅಂತ ಬರಕೋತೇನಿ," ಅಂದ ಸಂಗಮೇಶ, ನಕ್ಕೋಂತ. ಆಮ್ಯಾಲ ತಲಿ ಎತ್ತದ ಮುಂದಿನದು ಕೇಳಿದ. "ನಿಮ್ಮದು... ಲಗ್ನವೋ, ಉಡಕಿಯೋ?"

ಶಂಕ್ರೆವ್ವನ ಮಾರಿ ಸಪ್ಪಗಾತು.

"ಲಗ್ನ ಆಗಿತ್ರಿ. ಗಂಡ ಪ್ಲೇಗಿನ್ಯಾಗ ಹ್ವಾದ. ಉಡಕಿ ಆಗಿಲ್ಲ."

ಗಂಡ ಸತ್ತಾಕಿ ಮತ್ತೊಬ್ಬನ್ನ ಮಾಡ್ಕೊಂಡ್ರ ಅದು ಉಡಕಿ. ಚಿಕ್ಕವ್ವನ ಉಡಕಿ ಶಂಕ್ರೆವ್ವ ಕಣ್ಣಾರೆ ಕಂಡಿದ್ಲು. ಕತ್ತಲ ಖೋಲಿ. ದೀಪಿಲ್ಲ, ವಾಲಗಿಲ್ಲ, ಒಬ್ಬ ಮುತ್ತೈದಿ ಹಾಯಲಿಲ್ಲ. ಒಂದು ಸೀರಿ ಉಡಿಸಿ, ಕಳುವಿನ ಮಾಲಿನಂಗ ಕರಕೊಂಡ ಹೋದ್ರು. ಆಮ್ಯಾಲೂ ಜೀವ ಇರೂತನಕ ಆಕಿ ಶುಭಕಾರ್ಯದಾಗ ಹಂದರದ ಹೊರಗ.

'ನನಗ ಅದು ಬ್ಯಾಡ ಶಿವನ... ಸತ್ತರೂ ಬ್ಯಾಡ!' ಅಂತ ಅವತ್ತ ಆಣಿ ಮಾಡಿದ್ಲು.

ಊರ ಹೆಂಗಸರು ಸಂಗಮೇಶನ ಮುಂದ ಬಾಯಿ ಬಿಡವಲ್ರು. ಅದಕ್ಕ ಅಂವ, ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸಾದ ಶಂಕ್ರೆವ್ವನ್ನ ಕೆಲಸದಾಗ ಜೋಡಿಗೆ ಬಾ ಅಂತ ಕೇಳಿದ. ಪಗಾರ ಐತಿ ಅಂದಕೂಡ್ಲೆ ಗುರಲಿಂಗಪ್ಪ ಹೂಂ ಅಂದ. ಕಾವಲಿಗೆ ಬಳಿ ಮಾರೂ ಬಾನುಬಿ.

ಒಂದಿನ ಬಾವಿ ಕಟ್ಟಿ ಮ್ಯಾಲ ಕುಂತಾಗ ಶಂಕ್ರೆವ್ವ ಕೇಳಿದ್ಲು, "ಇಂಥಾ ಕೆಲಸ ಯಾಕ ಹಿಡದ್ರಿ?"

"ಮೊದಲ ಒಬ್ಬ ಬಿಳಿ ಸಾಹೇಬನ ಕೈಯಾಗಿದ್ದೆ. ಮಂದಿ ಮೂಗು ಅಳದು, ಬಣ್ಣ ನೋಡಿ, ಇವ್ರು ಮ್ಯಾಲ, ಇವ್ರು ಕೆಳಗ ಅಂತಿದ್ದ. ನನ್ನ ಎದುರಿಗೇ! ಬಿಟ್ಟ ಬಂದೆ. ಮಂದಿ ಕೆಳಗ ಹುಟ್ಟಂಗಿಲ್ಲ, ಕೆಳಗ ಕುಂಡ್ರಸ್ತಾರ. ಅದನ್ನ ಬರೀಬೇಕಂತ ಹೊಂಟೇನಿ."

"ನನ್ನ ಮೂಗು ಅಳದಿದ್ರ ಅಂವ ಏನ್ ಬರೀತಿದ್ನೋ!"

"ಬರಿಯೂದ ಮರೀತಿದ್ದ," ಅಂದ ಸಂಗಮೇಶ. "ನೋಡ್ಕೋಂತ ಕುಂದ್ರತಿದ್ದ."

ಬಾನುಬಿ ಜೋರಾಗಿ ಕೆಮ್ಮಿದ್ಲು. ಶಂಕ್ರೆವ್ವನ ಕಿವಿ ಕೆಂಪಾದ್ವು.

ಮಳಿಗಾಲ ಹಿಡಿಯೂದ್ರಾಗ ಕೆಲಸ ಮುಗೀತು. ಹೋಗೂ ದಿನ ಅಂವ ತಡವರಿಸ್ಕೋಂತ ಕೇಳೇ ಬಿಟ್ಟ. "ಶಂಕ್ರೀ... ನನ್ನ ಜೋಡಿ ಬಾಳ್ತೀಯೇನು?"

ಆಕಿ ಎದಿ ಡವಡವ ಅಂತು. 'ಉಡಕಿ ಆದ್ರ ಒಲ್ಲೆ' ಅನ್ನೂ ಮಾತು ನಾಲಿಗಿ ತುದಿಗೆ ಬಂದಿತ್ತು. ಆದ್ರ ಆ ಖುಷಿಯೊಳಗ ಅದನ್ನ ಹೆಂಗ ಅನ್ನೂದು? "ಹೂಂ," ಅಂದ್ಲು ಅಷ್ಟ.

"ಮನ್ಯಾಗ ಒಪ್ಪಿಸಿ ಬರ್ತೇನಿ!" ಅಂತ ಬಬಲೇಶ್ವರಕ್ಕ ಹೋದಾಂವ... ಪತ್ತೇನ ಇಲ್ಲ.

ಶ್ರಾವಣದಾಗ ಬಾನುಬಿ ಬಂದ್ಲು. ಮಾರಿ ಬಾಡಿತ್ತು.

"ಹೆಂಗ ಹೇಳ್ಲೇ ಶಂಕ್ರೀ... ಬಬಲೇಶ್ವರದಾಗ ಸಂಗಮೇಶನ ಲಗ್ನಂತ. ನಾಡದು ಸೋಮವಾರ. ಹಂದರ ಹಾಕ್ಯಾರ. ಹುಡುಗಿ ಯಾರಂದ್ರ ಎಲ್ಲಾರೂ ಬಾಯಿ ಮುಚ್ಚಿ ನಗ್ತಾರ."

ಶಂಕ್ರೆವ್ವ ಅಳಲಿಲ್ಲ. ಬೀಸೂಕಲ್ಲಿನ ಗೂಟ ಹಿಡದು ಹಂಗ ಕುಂತ್ಲು. 'ನನ್ನ ಕಡಿಂದ ಕೆಲಸ ಮಾಡಿಸ್ಕೊಂಡ, ಹೋದ... ಅಣ್ಣ ಬ್ಯಾರೆ ಅಲ್ಲ, ಇಂವ ಬ್ಯಾರೆ ಅಲ್ಲ!' ಬಾನುಬಿ ಹೆಗಲ ಮ್ಯಾಲ ಕೈ ಇಟ್ಟದ್ದ ತಡ, ಕಣ್ಣಾಗ ಧಾರಾಕಾರ ನೀರು.

"ನಡಿ," ಅಂದ್ಲು ಕಡೀಕ, ಸೆರಗಿಂದ ಮಾರಿ ಒರಸ್ಕೊಂಡು. "ಎದುರಿಗೇ ನಿಂತು ಕೇಳ್ತೇನಿ."

ವಿಜಾಪುರಕ್ಕ ಬಂದು, ಸ್ಟೇಷನ್ ರಸ್ತಾದಾಗ ಸರ್ವಿಸ್ ಮೋಟಾರ ಹತ್ತಿ, ಸೋಮವಾರ ಬಿಸಿಲೇರೂದ್ರಾಗ ಇಬ್ಬರೂ ಬಬಲೇಶ್ವರದಾಗ ಇಳದ್ರು.

ವಾಲಗ ಊದಾಕತ್ತಿತ್ತು. ಹಂದರದಾಗ ಬಾಸಿಂಗ ಕಟ್ಕೊಂಡು ಸಂಗಮೇಶ ಕುಂತಿದ್ದ. ಅವನ ಬಾಜೂಕ ಮದುಮಗಳು... ಶಂಕ್ರೆವ್ವ ಕಣ್ಣ ತಿಕ್ಕಿ ನೋಡಿದ್ಲು.

ಎಕ್ಕಿ ಗಿಡ!

ಮಣ್ಣಿನ ಗುಂಪಿ ಮ್ಯಾಲ ನಟ್ಟ ಎಕ್ಕಿ ಗಿಡ. ಅದಕ್ಕ ಅರಿಷಿಣ, ಹಸರ ಸೀರಿ, ಹೂವಿನ ದಂಡಿ. ಸುತ್ತ ಐದು ಮಂದಿ ಮುತ್ತೈದೇರು ಸೋಬಾನ ಹೇಳಾಕತ್ತಿದ್ರು.

ಶಂಕ್ರೆವ್ವನ್ನ ಕಂಡದ್ದ ತಡ, ಮದುಮಗ ಹಲ್ಲ ಕಿಸಿದು ಎದ್ದು ಓಡಿ ಬಂದ.

"ಶಂಕ್ರೀ! ಇದೆಲ್ಲಾ ನಿನ್ನ ಸಲುವಾಗೇ! ಬ್ರಹ್ಮಚಾರಿ ಆದಾಂವ ಉಡಕಿ ಮಾಡ್ಕೋಬೇಕಾದ್ರ, ಮೊದಲ ಗಿಡದ ಜೋಡಿ ಲಗ್ನ ಆಗ್ಬೇಕಂತ. ಕಾಕಾ ಬೇಕಾದಷ್ಟು ಕಾಡಿ, ಕಡೀಕ ಒಪ್ಪಿದ. ಇವತ್ತ ಇದು ಮುಗೀತಂದ್ರ, ಅಮಾಸಿಗೆ ನಮ್ಮ ಉಡಕಿ!"

ಬ್ಯಾರೆ ಹುಡುಗಿ ಇಲ್ಲ... ಆಕಿ ಜೀವ ಹಗುರಾತು. ಮರುಗಳಿಗಿನ್ಯಾಗ ಬೆಂಕಿ ಹತ್ತಿತು.

"ಗಿಡಕ್ಕ ಹಗಲ ಲಗ್ನ. ನನಗ ಕತ್ತಲ ಖೋಲಿ. ಹೌದಲ್ರಿ?"

ಸಂಗಮೇಶನ ನಗು ಅಲ್ಲೇ ನಿಂತಿತು.

"ಗಿಡಕ್ಕ ಅರಿಷಿಣ, ಗಿಡಕ್ಕ ವಾಲಗ! ನಾ ಅದರ ಸವತಿ, ಎರಡನೇದಾಕಿ! ಊರ ಮಂದಿನ್ನೆಲ್ಲಾ ಕೇಳಿದ್ರಿ... ನನ್ನ ಒಂದ್ ಮಾತ ಕೇಳಿದ್ರೇನು?"

ಅಂವ ನಿಧಾನಕ ಬಾಸಿಂಗ ಬಿಚ್ಚಿದ.

"ತಪ್ಪಾತು ಶಂಕ್ರೀ. ನೀ ಸಿಕ್ಕರ ಸಾಕು ಅಂತ... ಹೆಂಗ ಸಿಗ್ತಿ ಅನ್ನೂದು ನಾ ನೋಡ್ಲೇ ಇಲ್ಲ."

"ಏ ಹುಚ್ಚ! ಬಾಸಿಂಗ ಕಟ್ಕೋ!" ಕಾಕಾ ಗುರುಪಾದಯ್ಯ ಚೀರಿದ. "ಮರ್ಯಾದಿ ಕಳೀತೀಯೇನು? ವೈನೀ, ನೀನರ ಹೇಳು ನಿನ್ನ ಮಗಗ!"

ಹಿತ್ತಲ ಬಾಗಲದಾಗ, ಹಂದರದ ನೆಳ್ಳಿಂದ ಹೊರಗ, ಸಂಗಮೇಶನ ಅವ್ವ ಕಾಶಿಬಾಯಿ ನಿಂತಿದ್ಲು. ಹಣಿ ಮ್ಯಾಲ ಕುಂಕುಮ ಇದ್ರೂ ಮಗನ ಲಗ್ನದಾಗ ಅವ್ವ ಯಾಕ ಹೊರಗ? ಶಂಕ್ರೆವ್ವಗ ಒಮ್ಮೆಲೆ ತಿಳೀತು. ಆಕೀನೂ ಉಡಕ್ಯಾಕಿ.

ಕಾಶಿಬಾಯಿ ಸೆರಗ ಹೊತ್ಕೊಂಡು, ಎಲ್ಲರ ಎದುರಿಗೆ ಹಂದರದಾಗ ಕಾಲಿಟ್ಲು. ವಾಲಗ ನಿಂತಿತು.

"ಏನ ಹೇಳ್ಲಿ ಮೈದುನಾ?" ಅಂದ್ಲು. "ನನ್ನ ಗಂಡ ಭಾಳ ಚಲೋ ಮನಷ್ಯಾ. ಆದ್ರೂ ಈ ಮನಿಗೆ ನಾ ಕತ್ತಲ್ದಾಗ ಬಂದೆ. ಇವತ್ತ ನನ್ನ ಮಗನ ಹಣಿಗೆ ಅರಿಷಿಣ ಹಚ್ಚಾಕೂ ನನಗ ಹಕ್ಕಿಲ್ಲ. ಈ ಹುಡುಗೀಗೂ ಅದ ಆಗ್ಬೇಕೇನು? ನಾ ಒಲ್ಲೆ."

ಗುರುಪಾದಯ್ಯ ಟವೆಲ್ ಝಾಡಿಸಿ ಎದ್ದು ಹೋದ. ಅವನ ಹಿಂದ ಅರ್ಧ ಮಂದಿ. ಆದ್ರ ಐದು ಮುತ್ತೈದೇರೊಳಗ ಮೂವರು ಎದ್ದೇಳಲಿಲ್ಲ.

ಕಾಶಿಬಾಯಿ ಅರಿಷಿಣದ ಬಟ್ಟಲ ಎತ್ಕೊಂಡು ಶಂಕ್ರೆವ್ವನ ಮುಂದ ನಿಂತ್ಲು. "ಹಚ್ಲೇನು ತಾಯಿ?"

"ಹಚ್ಚರಿ ಅತ್ತಿ... ಮೊದಲ ನಿಮ್ಮ ಮಗಗ ಹಚ್ಚರಿ."

ಮಗನ ಹಣಿಗೆ ಕೈ ಮುಟ್ಟಿಸಿ ಕಾಶಿಬಾಯಿ ಗಳಗಳ ಅತ್ಲು. ಬಾನುಬಿ ಮೂಗು ಏರಿಸ್ಕೋಂತ ಬಳಿ ಗಂಟು ಬಿಚ್ಚಿದ್ಲು.

"ಈಗ ಕೇಳ್ತೇನಿ," ಅಂದ ಸಂಗಮೇಶ, ಮೆಲ್ಲಕ. "ನಮ್ಮ ಲಗ್ನ ಹೆಂಗ ಆಗ್ಬೇಕು?"

"ಹಗಲ. ಸುಡುಸುಡು ಬಿಸಿಲಾಗ."

"ಎಲ್ಲಾರೂ ನೋಡ್ತಾರಲ್ಲ!"

"ನೋಡ್ಲಿ ಬಿಡ್ರಿ," ಶಂಕ್ರೆವ್ವ ತಲಿ ಎತ್ತಿದ್ಲು. "ತಾಳಿ ಕಟ್ಟುವಾಗ ನಿಮ್ಮ ಮಾರಿ ನಾ ನೋಡ್ಬೇಕು."