ಬಿರುಕಿನ ಮೇಲಿನ ಗಾಜು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕಂಡದ್ದನ್ನಷ್ಟೇ ಹೇಳುತ್ತೇನೆ. ಹಳೇ ಕಟ್ಟಡಗಳನ್ನು ಉಳಿಸುವುದು ನಮ್ಮ ಕೆಲಸ. ಗೋಡೆ ಬಿರುಕು ಬಿಟ್ಟಿದ್ದರೆ ಅದಕ್ಕೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯುತ್ತೇವೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಹಾಗೆ ಮಹಡಿಯ ಗೋಡೆಗೆ ಗಾಜು ಅಂಟಿಸಿದ್ದ ಒಂದು ಕಟ್ಟಡವನ್ನು, ತಿಂಗಳೊಳಗೆ ಅದು ಒಡೆದರೆ ಕೆಡವುವುದೆಂದು ತೀರ್ಮಾನವಾಗಿತ್ತು. ಕೆಳಗೆ ದರ್ಜಿ ತಾತ ಐವತ್ತು ವರ್ಷದಿಂದ ಹೊಲಿಗೆ ಮಷೀನು ಇಟ್ಟುಕೊಂಡು ಅಲ್ಲೇ ವಾಸವಾಗಿದ್ದರು.

"ಒಡೆದ್ರೆ ಗೋಂದು ಹಚ್ಚಿಬಿಡಮ್ಮ, ನಾನೇನು ಚಾಡಿ ಹೇಳಲ್ಲ," ಅಂದರು.

"ಚೆನ್ನಾಗಿದೆ ತಾತ, ನನ್ನ ಕೆಲಸಕ್ಕೇ ಕತ್ತರಿ ಹಾಕ್ತೀರಲ್ಲ!" ಅಂದೆ.

ಎರಡನೇ ವಾರ, ಉರಿಬಿಸಿಲಿನ ಮಧ್ಯಾಹ್ನ, ಗಾಜಿನ ಒಳಮೈಯಲ್ಲಿ ಆವಿ ಕಟ್ಟಿತ್ತು. ನೋಡನೋಡುತ್ತಿದ್ದಂತೆ ಕರಗಿತು, ಮತ್ತೆ ಕಟ್ಟಿತು, ನಿದ್ದೆಹೋದ ಮಗುವಿನ ಉಸಿರಿನಷ್ಟು ನಿಧಾನವಾಗಿ. ಮುಟ್ಟಿದರೆ ಸುತ್ತಲ ಗಾರೆ ಬೆಚ್ಚಗಿತ್ತು. ನಿಂತಲ್ಲೇ ನನಗೂ ಕಣ್ಣೆಳೆಯುತ್ತಿತ್ತು. ಕೆಳಗೆ ಮಷೀನು ನಿಂತಿತು. ಆವಿಯೂ ನಿಂತಿತು. ಗಾಜು ಕಿರ್ರೆಂದಿತು.

"ತಾತಾ, ತುಳೀತಾ ಇರಿ!" ಎಂದು ಕೂಗಿದೆ.

ಮಷೀನು ಮತ್ತೆ ಓಡಿತು, ಆವಿಯೂ ಮತ್ತೆ ಕಟ್ಟಿತು. ಅಂದಿನಿಂದ ತಾತ ಹೊಲಿಯಲು ಬಟ್ಟೆಯಿಲ್ಲದ ದಿನವೂ ಬರೀ ಮಷೀನನ್ನೇ ತುಳಿದರು.

ಕೊನೆಯ ದಿನ ಎಂಜಿನಿಯರು ಬಂದು ಗಾಜನ್ನು ಉಗುರಿನಿಂದ ತಟ್ಟಿ, "ಒಡೆದಿಲ್ಲ, ಬರ್ಕೊಳ್ಳಿ," ಅಂದರು. ಬರೆದು ಸಹಿ ಹಾಕಿದೆ. ತಾತನ ಮನೆ ಉಳಿಯಿತು.

ಎಂಜಿನಿಯರು ಗಾಜನ್ನಷ್ಟೇ ನೋಡಿದರು, ನಾನು ಅದರ ಹಿಂದೆಯೂ ನೋಡಿದೆ. ಬೆರಳು ತೂರುತ್ತಿದ್ದ ಬಿರುಕು ಪೂರ್ತಿ ಕೂಡಿಕೊಂಡಿತ್ತು. ಗೋಡೆ ಅಷ್ಟು ಸರಿದಿದ್ದರೂ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.