ಉಡಿ ತುಂಬಿದ ಏಡಿ

“ಅಲುಗಾಡಬ್ಯಾಡ. ಉಸಿರೂ ಜೋರಾಗಿ ಬಿಡಬ್ಯಾಡ,” ಎಂದಳು ದುರ್ಗಕ್ಕಜ್ಜಿ.

ಪಲ್ಲವಿ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಉಸಿರು ಬಿಗಿಹಿಡಿದಳು. ಅಜ್ಜಿಯ ಕೈಯಲ್ಲಿ ಒಂದು ಜೋಳದ ದಂಟು. ದಂಟಿನ ತುದಿಗೆ ದಾರ, ದಾರದ ತುದಿಗೆ ಕೋಳಿ ಕರುಳಿನ ಚೂರು. ಅಜ್ಜಿ ಅದನ್ನು ಬಿಲದ ಬಾಯಲ್ಲಿ ಮೆಲ್ಲಗೆ ಕುಣಿಸುತ್ತಿದ್ದಳು.

ಬಿಲದೊಳಗೆ ಬರೀ ಕತ್ತಲು. ಸ್ವಲ್ಪ ಹೊತ್ತಾದ ಮೇಲೆ ಆ ಕತ್ತಲಿಗೆ ಎರಡು ಕಣ್ಣು ಬಂದವು. ಕಡ್ಡಿಯ ತುದಿಗೆ ಮೆಣಸಿನ ಕಾಳು ಅಂಟಿಸಿದ ಹಾಗಿದ್ದವು. ಆಮೇಲೆ ಒಂದು ಕೊಂಡಿ ಹೊರಬಂದು ಕರುಳಿನ ಚೂರನ್ನು ಗಪ್ಪನೆ ಹಿಡಿಯಿತು.

ಅಜ್ಜಿ ಜಗ್ಗಲಿಲ್ಲ. ದಾರವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಮತ್ತೊಂದು ಕೂದಲೆಳೆ. ಏಡಿ ತನ್ನ ಊಟ ಬಿಡಲಾರದೆ ಅಡ್ಡಡ್ಡ ನಡೆಯುತ್ತಾ ಹೊರಗೆ ಬಂತು. ಅಷ್ಟರಲ್ಲಿ ಅಜ್ಜಿಯ ಎಡಗೈ ಅದರ ಬೆನ್ನನ್ನು ಕೆಸರಿಗೆ ಒತ್ತಿತ್ತು. ಆ ಕೈ ಯಾವಾಗ ಬಂತೋ ಪಲ್ಲವಿಗೆ ಕಾಣಲೇ ಇಲ್ಲ.

“ಹಿಡಿದ ಕೂಡ್ಲೇ ಬಕೆಟ್ಟಿಗೆ ಹಾಕಬಾರದು. ಮೊದ್ಲು ಹೊಟ್ಟಿ ನೋಡಬೇಕು,” ಎಂದು ಅಜ್ಜಿ ಏಡಿಯನ್ನು ಅಂಗಾತ ತಿರುಗಿಸಿದಳು. ಬಿಳಿ ಹೊಟ್ಟೆಯ ಮೇಲೆ ಮಡಚಿಟ್ಟ ಒಂದು ಪಟ್ಟಿ ಇತ್ತು. “ಇದು ಉಡಿ. ಗಂಡಿಗೆ ಹಿಂಗ ಸಣ್ಣದು. ಹೆಣ್ಣಿಗೆ ಅಗಲ ಇರ್ತೈತಿ. ಉಡಿ ತುಂಬಿದ ಯಾಡಿ ಸಿಕ್ರ ಏನ್ ಮಾಡ್ತೀವಿ?”

ಪಲ್ಲವಿಯ ಚಿಕ್ಕಪ್ಪನ ಮಗ ಪ್ರವೀಣ ಮಗ್ಗಿ ಒಪ್ಪಿಸುವವನ ಹಾಗೆ ಹೇಳಿದ: “ಅದೇ ಬಿಲಕ್ಕ ವಾಪಸ್.”

“ಬ್ಯಾರೆ ಬಿಲಕ್ಕ ಬಿಟ್ರ?”

“ಒಳಗಿರೋ ಯಾಡಿ ಹೊಡದು ಹಾಕ್ತೈತಿ.”

“ಹ್ಞೂಂ,” ಎಂದು ಅಜ್ಜಿ ಗಂಡು ಏಡಿಯನ್ನು ಬಕೆಟ್ಟಿಗೆ ಹಾಕಿದಳು.

ಅಜ್ಜಿಯ ಊರು ಮೆಟ್ರಿಯ ಕಾಲುವೆಗೆ ನೀರು ಬಿಟ್ಟು ಹತ್ತು ದಿನವಾಗಿತ್ತು. ಭತ್ತದ ನಾಟಿ ಇನ್ನೂ ಅರ್ಧವಷ್ಟೇ ಆಗಿತ್ತು. ಬದುವಿನ ತುಂಬ ಹಸಿ ಮಣ್ಣು, ಹಸಿ ಮಣ್ಣಿನ ತುಂಬ ಬಿಲ. ಪಲ್ಲವಿಯ ಅಪ್ಪ ಪರಶುರಾಮ್ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುತ್ತಾನೆ. ಅಲ್ಲಿಯ ಕ್ವಾರ್ಟರ್ಸ್‌ನಲ್ಲಿ ಅವರ ಮನೆ. ಭಾನುವಾರ ರಜೆ ಸಿಕ್ಕಿದ್ದೇ ತಡ, ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಬಂದುಬಿಟ್ಟಿದ್ದ.

ಈಗ ಅವನು ಲುಂಗಿ ಎತ್ತಿ ಕಟ್ಟಿಕೊಂಡು ಕಾಲುವೆಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಒಮ್ಮೆಲೇ “ಸ್ಸ್” ಎಂದು ಕೈ ಕೊಡವಿದ. ಒಂದು ಏಡಿ ಅವನ ಬೆರಳಿಂದ ಹಾರಿ ನೀರಿಗೆ ಬಿತ್ತು.

“ಸ್ಟೇರಿಂಗ್ ಹಿಡದಂಗ ಹಿಡದ್ರ ಅದು ಕಚ್ಚದ ಮುದ್ದು ಕೊಡ್ತೈತೇನಲೇ?” ಎಂದಳು ಅಜ್ಜಿ.

ಎಲ್ಲರೂ ನಕ್ಕರು. ಪಲ್ಲವಿಯೂ ನಕ್ಕಳು. ಆದರೆ ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು.

ಶುಕ್ರವಾರ ಲಂಚ್ ಬ್ರೇಕ್‌ನಲ್ಲಿ ಅವಳು ಒಂದು ಮಾತು ಆಡಿದ್ದಳು. “ನಾನು ನಮ್ಮೂರಾಗ ಇಪ್ಪತ್ತೈದು ಏಡಿ ಹಿಡದೀನಿ,” ಎಂದಿದ್ದಳು. ನಿಜ ಏನೆಂದರೆ, ಅವಳು ಒಂದನ್ನೂ ಹಿಡಿದಿರಲಿಲ್ಲ. ಹೋದ ಸಲ ಊರಿಗೆ ಬಂದಾಗ ಬಕೆಟ್ಟಿನಿಂದ ಒಂದು ಏಡಿ ತಪ್ಪಿಸಿಕೊಂಡದ್ದಕ್ಕೆ ಮಂಚ ಹತ್ತಿ ಕೂತಿದ್ದಳು.

“ಬುರುಡೆ,” ಎಂದಿದ್ದಳು ಅವಳ ಬೆಂಚಿನ ಸ್ಫೂರ್ತಿ. “ಹಂಗಿದ್ರೆ ಸೋಮವಾರ ಒಂದು ಕೊಂಡಿ ತಗೊಂಡು ಬಾ. ದೊಡ್ಡದು. ನೋಡಾಣ.”

ಇಡೀ ಕ್ಲಾಸು ಕೇಳಿಸಿಕೊಂಡಿತ್ತು. ಅವರ ಕ್ಲಾಸಿನಲ್ಲಿ ವೆಂಕಟೇಶ್ ಎಂಬ ಹುಡುಗ ಒಮ್ಮೆ ಚಿರತೆ ನೋಡಿದೆ ಅಂತ ಸುಳ್ಳು ಹೇಳಿದ್ದ. ಎರಡು ವರ್ಷವಾದರೂ ಅವನು ಇನ್ನೂ ಚಿರತೆ ವೆಂಕಿ. ಏಡಿ ಪಲ್ಲವಿ ಆಗುವುದು ಪಲ್ಲವಿಗೆ ಸುತರಾಂ ಬೇಕಿರಲಿಲ್ಲ.

“ಅಜ್ಜಿ, ನಾನೂ ಹಿಡೀತೀನಿ. ಒಬ್ಬಾಕೆನೇ,” ಎಂದಳು.

ಅಜ್ಜಿ ಅವಳ ಮುಖ ನೋಡಿ, ಒಂದು ದಂಟು ಮತ್ತು ಹಳೆಯ ಹಾಲಿನ ಕ್ಯಾನ್ ಕೊಟ್ಟಳು. “ಬಾಯಿ ಅಡ್ಡಕ್ಕ ಇದ್ದು, ಮುಂದ ಹಸಿ ಮಣ್ಣಿನ ಉಂಡಿ ಬಿದ್ದಿದ್ರ ಯಾಡಿ ಬಿಲ. ದುಂಡಗ, ನುಣ್ಣಗ ಇದ್ರ ಹತ್ರ ಕುಂದ್ರಬ್ಯಾಡ, ಅದು ಹಾವಿಂದು. ಯಾವ ಬಿಲಕ್ಕೂ ಕೈ ಹಾಕಬ್ಯಾಡ. ದಾರ ಬಿಡು, ಅದೇ ಬರ್ತೈತಿ.”

ಪಲ್ಲವಿ ಬದುವಿನ ಗುಂಟ ನಡೆದಳು. ಅಜ್ಜಿ ಹೇಳಿದ ಮೇಲೆ ಬದು ಬೇರೆಯೇ ಕಾಣತೊಡಗಿತು. ಬೆಳಿಗ್ಗೆ ಎಲ್ಲವೂ ಬರೀ ತೂತುಗಳಾಗಿದ್ದವು. ಈಗ ಒಂದೊಂದು ತೂತೂ ಒಂದೊಂದು ಮನೆ. ಇದು ಖಾಲಿ, ಬಾಗಿಲಿಗೆ ಜೇಡ ಬಲೆ ಕಟ್ಟಿದೆ. ಇದು ಇಲಿಯದು, ಒಣ ಹುಲ್ಲು ಎಳೆದಿದೆ. ಇದರ ಮುಂದೆ ಮಣ್ಣಿನ ಉಂಡೆಗಳು ಇನ್ನೂ ಹೊಳೆಯುತ್ತಿವೆ.

ಅಲ್ಲಿಯೇ ಕೆಸರಿನಲ್ಲಿ ಮೊಣಕಾಲೂರಿ ದಾರ ಬಿಟ್ಟಳು. ಕೈ ಜೋಮು ಹಿಡಿಯುವವರೆಗೆ ಕಾದಳು. ದಾರ ಬಿಗಿಯಾಯಿತು. ಜಗ್ಗಬೇಕೆಂದು ಅನಿಸಿದರೂ ಜಗ್ಗಲಿಲ್ಲ. ಒಂದು ಕೂದಲೆಳೆ, ಮತ್ತೊಂದು ಕೂದಲೆಳೆ.

ಹೊರಗೆ ಬಂದದ್ದು ಅವಳ ಅಂಗೈಗಿಂತ ಅಗಲವಾಗಿತ್ತು. ಪಲ್ಲವಿ ಕಣ್ಣು ಮುಚ್ಚಿ ಅದರ ಬೆನ್ನಿನ ಮೇಲೆ ಕೈ ಒತ್ತಿದಳು. ಹೆಬ್ಬೆರಳಿಗೆ ಇಕ್ಕಳ ಹಾಕಿದಂತಾಯಿತು. ಕಣ್ಣಲ್ಲಿ ನೀರು ಬಂತು, ಆದರೂ ಅವಳು ಕೈ ಬಿಡಲಿಲ್ಲ.

ಅವಳ ಮೊದಲ ಏಡಿ. ಅದರ ಬಲ ಕೊಂಡಿ ಹುಣಸೆಕಾಯಿಯಷ್ಟು ದಪ್ಪ. ಸೋಮವಾರ ಅದನ್ನು ಬೆಂಚಿನ ಮೇಲಿಟ್ಟರೆ ಸ್ಫೂರ್ತಿ ಏನು ಮಾಡುತ್ತಾಳೆ ಎಂದು ನೆನೆದೇ ಅವಳಿಗೆ ನಗು ಬಂತು.

ಆಮೇಲೆ ಏಡಿಯನ್ನು ಅಂಗಾತ ತಿರುಗಿಸಿದಳು.

ಉಡಿ ಅಗಲವಾಗಿತ್ತು. ಸರಿಯಾಗಿ ಮುಚ್ಚಿಕೊಂಡಿರಲಿಲ್ಲ, ಉಬ್ಬಿತ್ತು. ಅಂಚಿನ ಸಂದಿಯಲ್ಲಿ ಏನೋ ಮಿಸುಕಿತು.

ಪಲ್ಲವಿ ಹಿಂದೆ ತಿರುಗಿ ನೋಡಿದಳು. ಅಜ್ಜಿ, ಅಪ್ಪ, ಪ್ರವೀಣ ಎಲ್ಲರೂ ದೂರದಲ್ಲಿದ್ದರು. ಅವಳು ಏಡಿಯನ್ನು ಕ್ಯಾನಿಗೆ ಬಿಟ್ಟು, ಒಂದಿಷ್ಟು ನೀರು ತುಂಬಿ ಮುಚ್ಚಳ ಹಾಕಿದಳು.

“ಪಲ್ಲು, ಸಿಕ್ತೇನು?” ಎಂದು ಅಜ್ಜಿ ಕೂಗಿ ಕೇಳಿದಳು.

“ಸಿಕ್ತು.”

“ಹೊಟ್ಟಿ ನೋಡಿದೇನು?”

“ನೋಡಿದೆ.”

ಅದೇನೂ ಸುಳ್ಳಲ್ಲ. ಅಜ್ಜಿ ಮತ್ತೇನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಪಲ್ಲವಿಗೆ ಕಷ್ಟವಾಯಿತು. ಮನೆಯ ದಾರಿಯುದ್ದಕ್ಕೂ ಕ್ಯಾನಿನೊಳಗಿಂದ ಕರ್, ಕರ್ ಎಂದು ಕೆರೆಯುವ ಸದ್ದು ಬರುತ್ತಿತ್ತು.

ಹಿತ್ತಿಲಲ್ಲಿ ಕೆಲಸ ಶುರುವಾಯಿತು. ಅಪ್ಪ ಏಡಿಗಳ ಮೇಲೆ ಬಿಸಿನೀರು ಸುರಿದ. ಅಜ್ಜಿ ಒಂದೊಂದನ್ನೇ ಎತ್ತಿ, ಬೆನ್ನಿನ ಚಿಪ್ಪು ತೆಗೆದು, ಒಳಗಿನ ಬೂದು ಬಣ್ಣದ, ಎಸಳಿನಂಥ ಕಿವಿರುಗಳನ್ನು ಕಿತ್ತು ಬಿಸಾಡಿದಳು. ಸಣ್ಣ ಕಾಲುಗಳನ್ನೆಲ್ಲ ಪ್ರವೀಣ ಒರಳಿಗೆ ಹಾಕಿ ಕುಟ್ಟಿದ. ಕುಟ್ಟಿದ್ದಕ್ಕೆ ನೀರು ಹಾಕಿ ಸೋಸಿದರೆ ಅದರ ರಸ ಸಾರಿಗೆ. ಬಾಣಲೆಯಲ್ಲಿ ಒಣಕೊಬ್ಬರಿ, ಬೆಳ್ಳುಳ್ಳಿ, ಧನಿಯಾ, ಮೆಣಸು ಹುರಿಯುತ್ತಿದ್ದವು. ಘಾಟಿಗೆ ಅಪ್ಪ ಮೂರು ಸಲ ಸೀನಿದ.

“ಈಗ ಪಲ್ಲುಂದು,” ಎಂದಳು ಅಜ್ಜಿ. “ಹಿಡದಾಕಿನೇ ತಗೀಲಿ.”

ಪಲ್ಲವಿ ಮುಚ್ಚಳ ತೆಗೆದಳು.

ಕ್ಯಾನಿನ ತುಂಬ ಏಡಿಗಳಿದ್ದವು.

ದೊಡ್ಡದು ತಳದಲ್ಲಿ ಸುಮ್ಮನೆ ಕೂತಿತ್ತು. ಅದರ ಸುತ್ತ, ಅದರ ಬೆನ್ನ ಮೇಲೆ, ಕ್ಯಾನಿನ ಗೋಡೆಯ ಮೇಲೆ ಜೋಳದ ಕಾಳಿನಷ್ಟು ಗಾತ್ರದ ಮರಿಗಳು. ನೂರಿರಬಹುದು, ಇನ್ನೂರಿರಬಹುದು. ಒಂದೊಂದೂ ಪೂರ್ತಿ ಏಡಿ. ಒಂದೊಂದಕ್ಕೂ ಎಂಟು ಕಾಲು, ಎರಡು ಕಣ್ಣು, ನೂಲಿನ ತುದಿಯಂಥ ಎರಡು ಕೊಂಡಿ. ಒಂದು ಮರಿ ಅವಳ ಬೆರಳಿನ ನೆರಳು ಕಂಡು ಎರಡೂ ಕೊಂಡಿ ಎತ್ತಿ ನಿಂತಿತು. ಜಗಳಕ್ಕೆ ಬಾ ಎಂದು ಕರೆಯುವ ಹಾಗೆ.

ಹೋದ ವರ್ಷ ಸೀಮಂತದ ದಿನ ಚಿಕ್ಕಮ್ಮನ ಉಡಿ ತುಂಬಿದ್ದು ಪಲ್ಲವಿಗೆ ನೆನಪಾಯಿತು. ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಸೆರಗಿನಲ್ಲಿ ಹಿಡಿದು ಚಿಕ್ಕಮ್ಮ ಎಷ್ಟು ಮೆಲ್ಲಗೆ ಎದ್ದು ನಿಂತಿದ್ದಳು, ಒಂದು ಕಾಳೂ ಕೆಳಗೆ ಬೀಳದಂತೆ.

ಒರಳಿನ ಸದ್ದು ನಿಂತಿತು. ಅಪ್ಪ ಬಗ್ಗಿ ನೋಡಿದ. ಪ್ರವೀಣ ಬಾಯಿ ತೆರೆದ, ಅಜ್ಜಿ ಕೈಯೆತ್ತಿದ್ದಕ್ಕೆ ಮುಚ್ಚಿದ.

“ನೋಡಿದ್ದಿ?” ಎಂದಳು ಅಜ್ಜಿ.

“ನೋಡಿದ್ದೆ.”

ಅಜ್ಜಿ ಬೈಯಲಿಲ್ಲ. ಒಲೆಯ ಬೆಂಕಿ ಸಣ್ಣಗೆ ಮಾಡಿ, ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡಳು.

“ಯಾವ ಬಿಲ?” ಎಂದಳು. “ನಡಿ.”

ಹೊತ್ತು ಇಳಿಯುತ್ತಿತ್ತು. ಪಲ್ಲವಿ ಕ್ಯಾನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಡೆದಳು. ನೀರು ತುಳುಕಬಾರದು. ಬೆಳಿಗ್ಗೆ ಓಡಿ ಬಂದ ದಾರಿ ಈಗ ಮುಗಿಯಲೊಲ್ಲದು.

ಬದುವಿಗೆ ಬಂದು ನೋಡಿದರೆ ಎಲ್ಲ ಬಿಲಗಳೂ ಒಂದೇ ಥರ. ಹಸಿ ಉಂಡೆ ಇದರ ಮುಂದೆಯೂ ಇದೆ, ಅದರ ಮುಂದೆಯೂ ಇದೆ. ಪಲ್ಲವಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಾಲುವೆಯ ಕಡೆ ನೋಡುತ್ತಿದ್ದಳು.

ತಪ್ಪು ಬಿಲಕ್ಕೆ ಬಿಟ್ಟರೆ ಒಳಗಿನ ಏಡಿ ಸುಮ್ಮನಿರುವುದಿಲ್ಲ. ಅವಳು ಬಗ್ಗಿ, ಒಂದೊಂದೇ ಬಿಲ ನೋಡುತ್ತಾ ಹೋದಳು. ಹೋದಳು, ವಾಪಸ್ ಬಂದಳು. ಎರಡನೇ ಸಲ ಒಂದು ಕಡೆ ಕೆಸರಿನಲ್ಲಿ ಎರಡು ಸಣ್ಣ ಗುಂಡಿ ಕಂಡವು. ಅವುಗಳಲ್ಲಿ ನೀರು ನಿಂತಿತ್ತು. ಪಲ್ಲವಿ ಅಲ್ಲಿ ಮೊಣಕಾಲೂರಿದಳು. ಗುಂಡಿಗಳಿಗೆ ಅವಳ ಮೊಣಕಾಲು ಸರಿಯಾಗಿ ಕೂತವು.

“ಇದೇ ಅಜ್ಜಿ.”

ಅಜ್ಜಿ ಬಂದು ಅವಳ ಪಕ್ಕ ಕೂತಳು. “ಕ್ಯಾನ್ ಅಡ್ಡ ಹಾಕು. ಮೆಲ್ಲಕ. ಈಗ ಹಿಂದಕ್ಕ ಸರಿ.”

ನೀರು ಬಿಲದ ಮುಂದಿನ ತಗ್ಗಿಗೆ ಹರಿದು ನಿಂತಿತು. ಮರಿಗಳು ಎಲ್ಲೆಂದರಲ್ಲಿ ಚೆದುರಿದವು. ತಾಯಿ ಏಡಿ ಕ್ಯಾನಿನಿಂದ ಇಳಿದು ಬಿಲದ ಬಾಯಿಗೆ ಬಂತು. ಒಳಗೆ ಹೋಗಿಬಿಡುತ್ತದೆ ಎಂದುಕೊಂಡಳು ಪಲ್ಲವಿ. ಮನೆ ಅಲ್ಲೇ ಇದೆ, ಒಂದು ಹೆಜ್ಜೆ.

ಏಡಿ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಕಾಲು ಎತ್ತರಿಸಿ, ಹೊಟ್ಟೆಯ ಮೇಲಿನ ಉಡಿಯನ್ನು ಮೆಲ್ಲಗೆ ಬಿಚ್ಚಿತು.

ಒಂದು ಮರಿ ಅದರ ಕಾಲು ಹತ್ತಿತು. ಆಮೇಲೆ ಮೂರು. ಆಮೇಲೆ ಎಣಿಸಲು ಆಗಲಿಲ್ಲ. ಕೆಸರಿನ ಬಣ್ಣದ ಕಾಳುಗಳು ನಾಲ್ಕೂ ಕಡೆಯಿಂದ ಬಂದು, ಕಾಲುಗಳ ಏಣಿ ಹತ್ತಿ ಉಡಿಯೊಳಗೆ ಮಾಯವಾಗುತ್ತಿದ್ದವು. ಸದ್ದೇ ಇಲ್ಲ. ಯಾರೂ ಕರೆಯಲಿಲ್ಲ, ಯಾರೂ ದಾರಿ ತೋರಿಸಲಿಲ್ಲ. ಪಲ್ಲವಿಯ ಕೈ ಮೇಲಿನ ರೋಮ ಎದ್ದು ನಿಂತಿತು. ಪಕ್ಕದಲ್ಲಿ ಅಜ್ಜಿಯೂ ಉಸಿರು ಬಿಗಿಹಿಡಿದಿದ್ದಳು. ಎಷ್ಟು ವರ್ಷದಿಂದ ನೋಡುತ್ತಿದ್ದಾಳೋ, ಆದರೂ.

ಕೊನೆಯ ಮರಿ ಎರಡು ಸಲ ಜಾರಿ ಬಿತ್ತು. ತಾಯಿ ನಿಂತೇ ಇತ್ತು. ಮೂರನೇ ಸಲ ಅದು ಹತ್ತಿತು. ಉಡಿ ಮುಚ್ಚಿಕೊಂಡಿತು. ಏಡಿ ಅಡ್ಡಡ್ಡ ಸರಿದು ಕತ್ತಲಿಗೆ ಹೋಯಿತು.

ಕ್ಯಾನಿನ ತಳದಲ್ಲಿ ನಾಲ್ಕು ಮರಿ ಉಳಿದಿದ್ದವು. ಪಲ್ಲವಿ ಬೆರಳಿಂದ ಮುಟ್ಟಿದಳು. ಅವು ಮಿಸುಕಲಿಲ್ಲ. ಅಜ್ಜಿ ಕ್ಯಾನ್ ತೆಗೆದುಕೊಂಡು, ಉಳಿದದ್ದನ್ನು ಕಾಲುವೆಗೆ ಸುರಿದು ತೊಳೆದಳು.

“ಮೀನಿಗೆ ಆತು,” ಎಂದಳು. ಅವಳ ಒರಟು ಕೈ ಪಲ್ಲವಿಯ ತಲೆಯ ಮೇಲೆ ಸ್ವಲ್ಪ ಹೊತ್ತು ಕೂತಿತ್ತು. “ನಡಿ. ಸಾರು ಕುದೀಬೇಕಿನ್ನ.”

ಸಾರು ಬಹಳ ರುಚಿಯಾಗಿತ್ತು. ಪಲ್ಲವಿ ಎರಡು ಸಲ ಅನ್ನಕ್ಕೆ ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಪ್ರವೀಣ ಒಂದು ದೊಡ್ಡ ಕೊಂಡಿಯನ್ನು ತೊಳೆದು ಅವಳ ಮುಂದೆ ಹಿಡಿದ. ಶಾಲೆಯ ಕತೆಯನ್ನು ಅವಳು ಅವನೊಬ್ಬನಿಗೇ ಹೇಳಿದ್ದಳು.

“ತಗೋ ಲೇ. ನಾನು ಹಿಡದಿದ್ದು ಅಂತ ಕೊಂಡಿ ಮ್ಯಾಲೆ ಹೆಸರು ಬರದಿರ್ತೈತೇನು?”

ಪಲ್ಲವಿ ಕೊಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚೆನ್ನಾಗಿತ್ತು. ವಾಪಸ್ ಕೊಟ್ಟಳು.

ಸೋಮವಾರ ಅವಳು ಬೆಂಚಿನಲ್ಲಿ ಬ್ಯಾಗ್ ಇಡುವ ಮೊದಲೇ ಸ್ಫೂರ್ತಿ ಕೈ ಚಾಚಿದಳು. “ಎಲ್ಲಿ ಕೊಂಡಿ?”

“ಇಲ್ಲ.”

“ಗೊತ್ತಿತ್ತು. ಇಪ್ಪತ್ತೈದೂ ಬುರುಡೆ.”

“ಹೌದು, ಬುರುಡೆ,” ಎಂದಳು ಪಲ್ಲವಿ. “ಹಿಡಿದಿದ್ದು ಒಂದೇ. ನಿನ್ನೆ. ಅದನ್ನೂ ಬಿಟ್ಟು ಬಂದೆ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸ್ಫೂರ್ತಿ ನಗಲಿಲ್ಲ. ಅವಳ ಕಣ್ಣು ಪಲ್ಲವಿಯ ಹೆಬ್ಬೆರಳಿನ ಮೇಲಿತ್ತು. ಅಲ್ಲಿ ನೀಲಿ ಕಟ್ಟಿದ ಒಂದು ಗೆರೆ ಇತ್ತು.

“ಯಾಕೆ ಬಿಟ್ಟೆ?”

ಪಲ್ಲವಿ ಎರಡೂ ಅಂಗೈಗಳನ್ನು ಜೋಡಿಸಿ ಬೊಗಸೆ ಮಾಡಿದಳು. “ಇಷ್ಟಿತ್ತು ಅದು,” ಎಂದಳು. “ಹೊಟ್ಟಿ ಮ್ಯಾಲೆ ಹಿಂಗ ಒಂದು ಉಡಿ. ಒಳಗ ಮರಿ.”

“ಎಷ್ಟು?”

ಪಲ್ಲವಿ ಒಂದು ನಂಬರ್ ಹೇಳಲು ಬಾಯಿ ತೆರೆದು, ನಿಲ್ಲಿಸಿದಳು.

“ಎಣಿಸಾಕ ಆಗಲಿಲ್ಲ.”

ಪ್ರೇಯರ್ ಬೆಲ್ ಹೊಡೆಯಿತು. ಸ್ಫೂರ್ತಿ ಏಳಲಿಲ್ಲ. ಅವಳು ಮುಂದಕ್ಕೆ ಬಗ್ಗಿ, ಪಲ್ಲವಿಯ ಖಾಲಿ ಬೊಗಸೆಯೊಳಗೆ ಇಣುಕಿ ನೋಡಿದಳು.